ಕೌದಿ ತಗಡಿನ ಜೋಡಿ ಬಾಗಿಲು

ತಗಡಿಗೆ ನೋವು ತಿಳಿಯುವಂತಾದ ಮೇಲೆ ಮೌನೇಶಪ್ಪ ಕಂಚಗಾರರ ಸುತ್ತಿಗೆಗೆ ಕೆಲಸವಿಲ್ಲದಂತಾಯಿತು.

ಅದಕ್ಕೆ ಮೊದಲು ಗದಗ-ಬೆಟಗೇರಿಯ ನೆಗ್ಗಿದ ಕಾರುಗಳೆಲ್ಲ ಒಂದಲ್ಲ ಒಂದು ದಿನ ಅವರ ಶೆಡ್ಡಿನ ಮುಂದಿನ ಬೇವಿನ ನೆರಳಿಗೆ ಬಂದು ನಿಲ್ಲಲೇಬೇಕಿತ್ತು. ಮೌನೇಶಪ್ಪ ನೆಗ್ಗನ್ನು ಮೊದಲು ಕಣ್ಣಿನಿಂದ ನೋಡುತ್ತಿರಲಿಲ್ಲ. ನಡುಬೆರಳನ್ನು ಮಡಚಿ, ಅದರ ಗೆಣ್ಣಿನಿಂದ ತಗಡನ್ನು ತಟ್ಟಿ, ತಲೆಯನ್ನು ತುಸು ವಾರೆ ಮಾಡಿ ಆಲಿಸುತ್ತಿದ್ದರು. ಎಲ್ಲಿ ಬಿಗಿದಿದೆ, ಎಲ್ಲಿ ಸಡಿಲಿದೆ, ಯಾವ ಹಳೆಯ ಪೆಟ್ಟಿನ ಮೇಲೆ ಯಾರು ಪುಟ್ಟಿ ಮೆತ್ತಿ ಬಣ್ಣ ಬಳಿದು ಮುಚ್ಚಿದ್ದಾರೆ, ಎಲ್ಲವನ್ನೂ ತಗಡೇ ಹೇಳುತ್ತಿತ್ತು. ಅವರ ಅಜ್ಜ ತಾಮ್ರದ ಹಂಡೆ ಬಡಿದವರು, ಅಪ್ಪ ಬಸ್ಸಿನ ಮೈ ಬಡಿದವರು, ಇವರು ಕಾರು. ಬಡಿಯುವ ವಸ್ತು ತಲೆಮಾರಿಗೊಮ್ಮೆ ಬದಲಾಗಿತ್ತು, ಕೇಳುವ ಕಿವಿ ಮಾತ್ರ ಒಂದೇ ಆಗಿ ಉಳಿದಿತ್ತು.

ಆಮೇಲೆ ಹೊಸ ತಗಡು ಬಂತು. ಕಂಪನಿಯ ಕಾಗದಗಳಲ್ಲಿ ಅದಕ್ಕೆ ಮೊಳದುದ್ದದ ಹೆಸರಿತ್ತು. ತೆಳುವಾದ ಎರಡು ಲೋಹದ ಹಾಳೆಗಳು. ನಡುವೆ ಜೇನುಗೂಡಿನಂಥ ಕೋಶಗಳು. ಕೋಶಗಳಲ್ಲಿ ಒಂದು ಬಗೆಯ ಅಂಟು. ವಿದ್ಯುತ್ತಿನ ಒಂದು ಸ್ಪರ್ಶಕ್ಕೆ ಆ ಅಂಟು ಕಲ್ಲಾಗಬಲ್ಲದು, ಇನ್ನೊಂದು ಸ್ಪರ್ಶಕ್ಕೆ ಬೆಣ್ಣೆಯಾಗಬಲ್ಲದು. ಎದುರಿಗೆ ಬರುತ್ತಿರುವುದು ಏನೆಂಬುದನ್ನು ಕಾರಿನ ಕಣ್ಣುಗಳು ರೆಪ್ಪೆ ಬಡಿಯುವುದರೊಳಗೆ ಕಂಡು ತಗಡಿಗೆ ತಿಳಿಸುತ್ತಿದ್ದವು. ಗೋಡೆಯಾದರೆ ತಗಡು ಹಂತಹಂತವಾಗಿ ಮಡಚಿಕೊಂಡು ಪೆಟ್ಟನ್ನು ತಾನೇ ನುಂಗುತ್ತಿತ್ತು. ಮನುಷ್ಯನಾದರೆ ಮೈ ಸಡಿಲಿಸಿ ಅವನನ್ನು ತಬ್ಬಿಕೊಳ್ಳುತ್ತಿತ್ತು. ಸಂತೆಗೆ ಹೊರಟ ಎಮ್ಮೆಯೊಂದು ಕಾರಿಗೆ ಒರಗಿದಾಗ ಬಾನೆಟ್ಟು ಹಾಸಿಗೆಯಂತೆ ಕುಸಿದು, ಎಮ್ಮೆ ಎದ್ದು ಹೋದ ಮೇಲೆ ನಿಧಾನವಾಗಿ ಮೊದಲಿನಂತಾದದ್ದನ್ನು ಕಂಡ ಗದಗಿನ ಜನ, ಹಳೆಯ ಸೀರೆಗಳಿಂದ ಹೊಲಿದ ಮೆತ್ತನೆಯ ಹೊದಿಕೆಯ ನೆನಪಿಗೆ, ಅದನ್ನು ಕೌದಿ ತಗಡು ಎಂದು ಕರೆದರು. ಒಳಗಿನ ಅಂಟಿಗೆ ಹೂರಣ ಎಂಬ ಹೆಸರೂ ತಾನಾಗಿ ಬಂತು.

ಎರಡು ವರ್ಷಗಳಲ್ಲಿ ಜಿಲ್ಲೆಯ ಪತ್ರಿಕೆಯೊಂದು ಅಪಘಾತದ ಸುದ್ದಿಗೆಂದು ಮೀಸಲಿಟ್ಟಿದ್ದ ಮೂಲೆಯಲ್ಲಿ ಪದಬಂಧವನ್ನು ಅಚ್ಚುಮಾಡತೊಡಗಿತು. ಹೀಗಾಗಿ ಮೌನೇಶಪ್ಪ ಹೊಸ ತಗಡನ್ನು ಬೈಯುವಂತೆಯೂ ಇರಲಿಲ್ಲ.

ತಗಡಿನ ಬೆನ್ನಿಗೆ ಕವಚ ಕಾಯ್ದೆಯೂ ಬಂತು. ಕಾರಿನ ಮೈಯನ್ನು ಯಾರೂ ಕತ್ತರಿಸಬಾರದು, ಬೆಸೆಯಬಾರದು, ತೂತು ಕೊರೆಯಬಾರದು, ಅದಕ್ಕೊಂದು ಅಲಂಕಾರದ ರೆಕ್ಕೆಯನ್ನೂ ಅಂಟಿಸಬಾರದು. ಒಂದೊಂದು ತಗಡಿಗೂ ತನ್ನ ನೆರೆಹೊರೆಯ ಪರಿಚಯವಿರುತ್ತಿತ್ತು. ಅಪರಿಚಿತ ತಗಡೊಂದು ನಡುವೆ ಬಂದು ಕೂತರೆ ಕಾರು ಮುನಿಸಿಕೊಂಡು, ಮನುಷ್ಯ ನಡೆಯುವಷ್ಟು ವೇಗಕ್ಕಿಂತ ಮುಂದೆ ಹೋಗುತ್ತಲೇ ಇರಲಿಲ್ಲ. ಎಲ್ಲಕ್ಕಿಂತ ಮೊದಲು ನಿಷೇಧವಾದದ್ದು ಕಾರಿನ ಮೂತಿಗೆ ಬಿಗಿಯುತ್ತಿದ್ದ ಕಬ್ಬಿಣದ ಗಾರ್ಡುಗಳು. ಅಂಥ ಇನ್ನೂರು ಗಾರ್ಡುಗಳನ್ನು ಮೌನೇಶಪ್ಪ ತಮ್ಮ ಕೈಯಾರೆ ಬೆಸೆದಿದ್ದರು, ಗಟ್ಟಿಯಾದದ್ದೇ ಒಳ್ಳೆಯದು ಎಂಬ ನಂಬಿಕೆಯಲ್ಲಿ. ಜನ ಅವನ್ನು ಬಿಚ್ಚಿ ತಂದು ಅವರ ಹಿತ್ತಿಲಲ್ಲಿ ಒಗೆದು ಹೋದರು. ಅವರ ಹೆಂಡತಿ ಗೌರವ್ವ ಅವನ್ನು ಸಾಲಾಗಿ ನಿಲ್ಲಿಸಿ ತೊಂಡೆಯ ಬಳ್ಳಿ ಹಬ್ಬಿಸಿದರು.

"ಮಂದಿ ಕಾಲು ಮುರಿಯೂದು ಬಿಟ್ಟು ಈಗರ ನಾಕು ತೊಂಡಿಕಾಯಿ ಕೊಡಾಕತ್ತಾವು," ಎಂದು ಅವರು ಆಗಾಗ ಹೇಳುವುದಿತ್ತು. ಆ ಮಾತಿಗೆ ಮೌನೇಶಪ್ಪ ನಗುತ್ತಿದ್ದರು. ನಕ್ಕ ಮೇಲೆ ಸ್ವಲ್ಪ ಹೊತ್ತು ಬಳ್ಳಿಯ ಕಡೆ ನೋಡುತ್ತಿರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ನೀಲಾಂಬಿಕಾ ಬಂದಳು. ಗಾಲಿಕುರ್ಚಿಯನ್ನು ತಾನೇ ನಡೆಸಿಕೊಂಡು ಅವಳು ಮುಂದೆ, ಹೊಚ್ಚಹೊಸ ಗಿಡ್ಡ ಕಾರನ್ನು ತಂದ ಅವಳ ಅಣ್ಣ ಹಿಂದೆ. ಅಣ್ಣ ಕಾರು ನಿಲ್ಲಿಸಿ, ಕೀಲಿಯನ್ನು ತಂಗಿಯ ಮಡಿಲಿಗೆ ಎಸೆದು ತನ್ನ ಕೆಲಸಕ್ಕೆ ಹೋದ. ಹುಟ್ಟಿದಂದಿನಿಂದ ಅವಳ ಕಾಲುಗಳಿಗೆ ಬಲವಿಲ್ಲ. ಆ ಬಲವೂ ಸೇರಿ ನಾಲಿಗೆಗೆ ಬಂದಿದೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

"ಕಾಕಾ, ನಿಮ್ಮ ಕಡೆ ಒಂದು ಅಪರಾಧ ಮಾಡಸೂದೈತಿ," ಎಂದಳು.

"ವಯಸ್ಸು ಎಪ್ಪತ್ತೊಂದಾತು ತಂಗಿ. ಸಣ್ಣ ಅಪರಾಧ ಇದ್ರ ಹೇಳು, ದೊಡ್ಡದಕ್ಕ ಉಸಿರು ಸಾಲೂದಿಲ್ಲ."

ಅವಳು ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ಪರೀಕ್ಷಿಸುವ ಕೆಲಸಕ್ಕೆ ಆಯ್ಕೆಯಾಗಿದ್ದಳು. ಲಕ್ಕುಂಡಿ, ಹುಲಕೋಟಿ, ಬಿಂಕದಕಟ್ಟಿ, ಹೀಗೆ ಹನ್ನೊಂದು ಊರುಗಳು. ಜೂನ್ ಹದಿನೈದರಂದು, ಮಸೂರಗಳ ಪೆಟ್ಟಿಗೆಯೊಡನೆ, ತಾನೇ ಹೋಗಿ ಹಾಜರಾಗಬೇಕು. ಇಲ್ಲವಾದರೆ ಆ ಜಾಗ ಪಟ್ಟಿಯಲ್ಲಿ ಅವಳ ನಂತರ ಇರುವವರಿಗೆ ಹೋಗುತ್ತದೆ. ಕೈಯಿಂದಲೇ ಕಾರು ನಡೆಸುವ ಸಲಕರಣೆ ಸುಲಭವಾಗಿ ಸಿಕ್ಕಿತ್ತು. ತೊಡಕು ಬಾಗಿಲಿನದು. ಕುರ್ಚಿಯ ಸಮೇತ ಒಳಗೆ ಹೋಗಬೇಕಾದರೆ ಒಂದು ಪಕ್ಕದ ಬಾಗಿಲು ಒಂದೂವರೆ ಪಟ್ಟು ಅಗಲವಾಗಬೇಕು, ಕೆಳಕ್ಕೆ ತೆರೆದು ಇಳಿಜಾರಾಗಿ ನೆಲ ಮುಟ್ಟಬೇಕು. ಕಂಪನಿಯನ್ನು ಕೇಳಿದರೆ, ಅಂಥ ಬಾಗಿಲಿಗೆ ಹೊಸ ಅಚ್ಚು ಮಾಡಲು ಎರಡು ವರ್ಷವಾಗುತ್ತದೆ ಎಂದು ಪತ್ರ ಬರೆದಿತ್ತು.

"ಕಾಯ್ದೇದಾಗ ಒಂದು ಕಿಂಡಿ ಐತಿ," ಎಂದು ಅವಳು ಕಾಗದವನ್ನು ಅವರ ಕೈಗಿಟ್ಟಳು. "ಕಾರು ನಡೆಸೋರ ಮೈಗೆ ಬೇಕಾಗಿದ್ರ ಒಂದು ತಗಡು ಬದಲಿ ಮಾಡಿಸಬಹುದು. ಆದ್ರ ಪರೀಕ್ಷಾ ಪಾಸಾಗಬೇಕು. ಎರಡ ಸಲ ಅವಕಾಶ. ಎರಡೂ ಸಲ ಫೇಲಾದ್ರ..." ಅವಳು ಅಂಗೈಗಳೆರಡನ್ನೂ ಹತ್ತಿರ ತಂದು ಒಂದು ಸಣ್ಣ ಪೆಟ್ಟಿಗೆಯ ಆಕಾರ ತೋರಿಸಿದಳು. "ನನ್ನ ಕಾರು ಅರೆಯೋ ಯಂತ್ರಕ್ಕ ಹೋಗಿ ಇಷ್ಟು ಚೌಕ ಆಗಿ ಬರ್ತೈತಿ."

ಮೌನೇಶಪ್ಪ ಕಾಗದವನ್ನು ಮುಖದ ಹತ್ತಿರ ಹಿಡಿದರು. ಬಳಿಕ ದೂರ ಹಿಡಿದರು. ಕೈ ಎಷ್ಟು ಉದ್ದವಿತ್ತೋ ಅಷ್ಟು ದೂರ ಹಿಡಿದ ಮೇಲೆ ಮರಳಿ ಕೊಟ್ಟರು.

"ನೀನ ಓದಿ ಹೇಳು. ಇಲ್ಲಿ ಬೆಳಕು ಕಡಿಮಿ."

ಹನ್ನೊಂದು ಗಂಟೆಯ ಬಿಸಿಲು ಶೆಡ್ಡಿನ ಬಾಗಿಲಲ್ಲಿ ಕಣ್ಣು ಕುಕ್ಕುತ್ತಿತ್ತು. ಒಳಗಿನಿಂದ ಮಜ್ಜಿಗೆ ತಂದ ಗೌರವ್ವ ಹುಡುಗಿಯ ಕಡೆ ನೋಡಿ ಹುಬ್ಬು ಹಾರಿಸಿದರು. "ನಿನ್ನೆ ಚಹಾಕ್ಕ ಉಪ್ಪು ಹಾಕಿ ಕುಡಿದಾರ. ಚಲೋ ಆಗೇತಿ ಅಂತನೂ ಅಂದಾರ."

"ಕಾಕಾ, ನಿಮ್ಮ ಕಣ್ಣು ಒಮ್ಮೆ ನೋಡ್ಲೇನು? ಪೆಟಿಗಿ ಕಾರಿನ್ಯಾಗ ಐತಿ."

"ಮೊದಲ ನಿನ್ನ ಬಾಗಿಲು ಆಗಲಿ," ಎಂದರು ಮೌನೇಶಪ್ಪ. "ನನ್ನ ಕಣ್ಣು ಎಲ್ಲಿಗೂ ಓಡಿಹೋಗೂದಿಲ್ಲ." ಅಷ್ಟರಲ್ಲಿ ಅವರ ಗೆಣ್ಣು ಕಾರಿನ ಬಾಗಿಲನ್ನು ತಟ್ಟಿಯಾಗಿತ್ತು. ಕೌದಿ ತಗಡು ಕಂಬಳಿಯೊಳಗಿಂದ ಮಾತಾಡಿದಂತೆ ಮಂದವಾಗಿ ಓಗೊಟ್ಟಿತು. ಎಷ್ಟೋ ದಿನಗಳ ಮೇಲೆ ಯಾರೋ ಹೆಸರು ಹಿಡಿದು ಕರೆದಂತೆ ಅವರಿಗೆ ಸುಖವಾಯಿತು.

ಕಂಚಗಾರರ ಮನೆಯಲ್ಲಿ ಒಂಟಿ ಕೆಲಸ ಮಾಡುವ ರೂಢಿಯಿರಲಿಲ್ಲ. ಮದುವೆಯ ಕೊಡಗಳನ್ನು ಅಜ್ಜ ಯಾವಾಗಲೂ ಜೋಡಿಯಾಗಿಯೇ ಬಡಿಯುತ್ತಿದ್ದರು. ಬೀಗರ ಕಡೆಯ ಹಿರಿಯರು ಗೆಣ್ಣಿನಿಂದ ಎರಡನ್ನೂ ತಟ್ಟಿ ನೋಡುತ್ತಿದ್ದರು. ದನಿ ಬೇರೆಯಾದರೆ ಕೊಡ ವಾಪಸ್ಸು. ಆ ರೂಢಿಯಂತೆ ಮೌನೇಶಪ್ಪ ಬಾಗಿಲನ್ನೂ ಜೋಡಿಯಾಗಿ ತೊಡಗಿದರು. ಒಂದು ಪರೀಕ್ಷೆಯಲ್ಲಿ ಪೆಟ್ಟು ತಿನ್ನುವುದಕ್ಕೆ, ಇನ್ನೊಂದು ಕಾರಿಗೆ. ಹೂರಣದ ಹಾಳೆಗಳು ಹುಬ್ಬಳ್ಳಿಯಲ್ಲಿ ಸಿಗುತ್ತಿದ್ದವು. ಅವುಗಳ ಎರಡೂ ಬದಿಯ ಹೊದಿಕೆಯನ್ನು ಕೈಯಿಂದ ಬಡಿದು ಆಕಾರಕ್ಕೆ ತಂದರು. ಬೇವಿನ ಕೆಳಗೆ ಹಳೆಯ ಸುತ್ತಿಗೆಯ ಸಪ್ಪಳ ಮತ್ತೆ ಎದ್ದಾಗ ಓಣಿಯ ಹೆಂಗಸರು ಕಸ ಗುಡಿಸುವುದನ್ನು ನಿಲ್ಲಿಸಿ ಕೇಳಿದರು. ಹದಿಮೂರು ದಿನಗಳಲ್ಲಿ ಎರಡು ಬಾಗಿಲುಗಳು ಎದ್ದು ನಿಂತವು. ಕೊನೆಯದಾಗಿ, ಹಂಡೆಯ ಬಾಯಿಗೆ ಕಂಠ ಕಟ್ಟುವಂತೆ, ಅಂಚಿನ ಸುತ್ತ ಉಕ್ಕಿನ ತಂತಿಯಿಟ್ಟು ತಗಡನ್ನು ಅದರ ಮೇಲೆ ಸುರುಳಿ ಮಡಚಿ ಬಿಗಿದರು. ಕಂಠವಿಲ್ಲದ ಪಾತ್ರೆ ಕಂಚಗಾರರ ಮನೆಯಿಂದ ಹೊರಬಿದ್ದದ್ದೇ ಇಲ್ಲ.

ಪರೀಕ್ಷಾಲಯವಿದ್ದದ್ದು ಹುಬ್ಬಳ್ಳಿಯ ರಸ್ತೆಯಲ್ಲಿ, ಹತ್ತಿಯ ಹೊಲಗಳ ನಡುವೆ. ಅದರ ಮುಖ್ಯಸ್ಥೆ ಡಾ. ಮಮತಾಜ್ ನದಾಫ, ಐವತ್ತರ ಆಸುಪಾಸಿನ ಬಿಳಿಗೂದಲ ಹೆಂಗಸು. ಬಾಗಿಲನ್ನು ನೋಡಿ, ಅದನ್ನು ಬಡಿದವರನ್ನು ನೋಡಿ, ಅವರ ಅಡ್ಡಹೆಸರು ಕೇಳಿ ಡಾ. ನದಾಫರ ಮುಖ ಅರಳಿತು.

"ಕಂಚಗಾರ ಅಂದ್ರ ಬಡಿಯೋ ಮನೆತನ. ನಮ್ಮದೂ ಬಡಿಯೋದ, ಅಜ್ಜಾರ. ನಮ್ಮಜ್ಜಿ ಗಾದಿಗೆ ಹತ್ತಿ ಬಡೀತಿದ್ಲು. ನೀವು ಗಟ್ಟಿ ಮಾಡಾಕ ಬಡೀತೀರಿ, ನಾವು ಮೆತ್ತಗ ಮಾಡಾಕ."

ಪರೀಕ್ಷೆ ಸರಳವಾಗಿತ್ತು. ಕಾರಿನ ಮಾದರಿ ಚೌಕಟ್ಟಿಗೆ ಬಾಗಿಲನ್ನು ಜೋಡಿಸುತ್ತಾರೆ. ಒಳಗೆ ಗಾಲಿಕುರ್ಚಿಯಲ್ಲಿ ಮನುಷ್ಯನ ತೂಕದ, ಮನುಷ್ಯನ ಪಕ್ಕೆಲುಬುಗಳ ಬೊಂಬೆಯೊಂದನ್ನು ಕೂಡಿಸುತ್ತಾರೆ. ಹಳಿಯ ಮೇಲಿನಿಂದ ಒಂದು ಭಾರದ ಬಂಡಿ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಬಂದು ಬಾಗಿಲಿಗೆ ಅಪ್ಪಳಿಸುತ್ತದೆ. ಬೊಂಬೆ ಉಳಿಯಬೇಕು, ಪೆಟ್ಟಿನ ನಂತರವೂ ಬಾಗಿಲು ತೆರೆಯಬೇಕು.

ಗಾಜಿನ ಕೋಣೆಯಲ್ಲಿ ನೀಲಾಂಬಿಕಾಳ ಪಕ್ಕದಲ್ಲಿ ಮೌನೇಶಪ್ಪ ನಿಂತರು. ಬಂಡಿ ಬಂತು. ಕಟ್ಟಡವೇ ಒಮ್ಮೆ ಕೆಮ್ಮಿದಂತಾಯಿತು. ಧೂಳು ತಿಳಿಯಾದಾಗ ಬಾಗಿಲು ಇದ್ದಂತೆಯೇ ಇತ್ತು. ಒಂದು ಗೀರು, ಅಷ್ಟೇ.

"ನೋಡಿದ್ಯಾ!" ಎಂದು ಮೌನೇಶಪ್ಪ ಗಾಜಿಗೆ ಅಂಗೈ ಬಡಿದರು. "ಜಗ್ಗಿಲ್ಲ! ಒಂದು ಕೂದಲೆಳಿಯಷ್ಟು ಜಗ್ಗಿಲ್ಲ!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಡಾ. ನದಾಫ ಪರದೆಯನ್ನು ಅವರ ಕಡೆ ತಿರುಗಿಸಿದರು. ಅಕ್ಷರಗಳನ್ನು ಮೌನೇಶಪ್ಪ ಓದಲಾರದೆ ಹೋದರೂ ಬಣ್ಣ ಕಂಡಿತು. ಬೊಂಬೆಯ ಎದೆ ಪೂರ್ತಿ ಕೆಂಪಾಗಿತ್ತು.

"ಬಾಗಿಲು ಜಗ್ಗಲಿಲ್ಲ, ಖರೆ," ಎಂದರು ಡಾ. ನದಾಫ, ಗಾಯಕ್ಕೆ ಮದ್ದು ಹಚ್ಚುವವರ ದನಿಯಲ್ಲಿ. "ಅದಕ್ಕ ಪೆಟ್ಟೆಲ್ಲಾ ಒಳಗಿದ್ದವರಿಗೆ ಹೋತು. ಹೂರಣ ಮೆತ್ತಗಾಗಾಕ ನೋಡೇತಿ. ನಿಮ್ಮ ಅಂಚು ಅದಕ್ಕ ಬಿಟ್ಟಿಲ್ಲ. ಬಾಗಿಲೂ ತೆರೀವಲ್ದು."

ಮೌನೇಶಪ್ಪ ಪರದೆಯಿಂದ ಕಣ್ಣು ತೆಗೆದು ಬೊಂಬೆಯ ಕುರ್ಚಿಯನ್ನು ನೋಡಿದರು. ಅದು ನೀಲಾಂಬಿಕಾಳ ಕುರ್ಚಿಯಂಥದೇ ಕುರ್ಚಿ. ಹಿತ್ತಿಲ ಬಳ್ಳಿಯ ಕೆಳಗೆ ಸಾಲಾಗಿ ನಿಂತ ಇನ್ನೂರು ಗಾರ್ಡುಗಳು ಕಣ್ಣ ಮುಂದೆ ಬಂದವು; ಅವೂ ಜಗ್ಗಿರಲಿಲ್ಲ.

ಮರಳಿ ಬರುವಾಗ ನೀಲಾಂಬಿಕಾಳೇ ಮಾತು ತೆಗೆದಳು. "ಕಾಕಾ, ಅಳು ಬಂದಿದ್ರ ಅಳ್ರಿ. ಆದ್ರ ಬಾಗಿಲು ಮಾಡೂದು ಬಿಟ್ರ ನಾ ಅಳ್ತೀನಿ, ಅದು ನಿಮಗ ಕೇಳಾಕ ಆಗೂದಿಲ್ಲ. ನನ್ನ ದನಿ ಭಾಳ ಕೆಟ್ಟ ಐತಿ."

ಮರುದಿನದಿಂದ ಸುತ್ತಿಗೆ ಏಳಲಿಲ್ಲ. ಮೌನೇಶಪ್ಪ ಜಗಲಿಯ ಮೇಲೆ ಕೂತು ಆಕಾಶ ನೋಡಿದರು. ಜೋಡಿಯ ಎರಡನೆಯ ಬಾಗಿಲನ್ನು ಗೌರವ್ವ ಕೋಳಿಗೂಡಿಗೆ ಅಡ್ಡವಿಟ್ಟರು. ಬೆಕ್ಕಿಗೆ ಅದನ್ನು ಅಲುಗಾಡಿಸಲಾಗದೆಂದು ಕೋಳಿಗಳು ನೆಮ್ಮದಿಯಾಗಿದ್ದವು. ಮೂರನೆಯ ದಿನ ಮಧ್ಯಾಹ್ನ, ಗೌರವ್ವ ಹಳೆಯ ಸೀರೆಗಳನ್ನು ಹಾಸಿಕೊಂಡು ಕೌದಿ ಹೊಲಿಯುತ್ತಿದ್ದರು. ಸಾಲು ಸಾಲಾಗಿ ಕೈ ಹೊಲಿಗೆ. ನಡುನಡುವೆ ಗಂಡನನ್ನು ಕರೆದು ಸೂಜಿಗೆ ದಾರ ಪೋಣಿಸಲು ಹೇಳುವ ಕುಚೋದ್ಯ. ಪೋಣಿಸಲಾರದೆ ಅವರು ಗೊಣಗಿದಾಗ ತಾವೇ ಪೋಣಿಸಿಕೊಳ್ಳುತ್ತಿದ್ದರು.

"ಅಂಚು ಯಾಕ ಸಡಿಲ ಬಿಟ್ಟಿ?" ಮೌನೇಶಪ್ಪ ಬೆರಳಿನಿಂದ ಕೌದಿಯ ಅಂಚು ಸವರಿ ಕೇಳಿದರು. "ಬಿಗಿ ಹೊಲೀಬೇಕಿಲ್ಲೋ?"

"ಅಂಚು ಬಿಗಿದ್ರ ಕೌದಿ ಹಲಿಗಿ ಆಗ್ತೈತಿ. ಮೈಮ್ಯಾಲೆ ಹೊದ್ರ ಮೈಗೆ ಹತ್ತೂದಿಲ್ಲ, ಮ್ಯಾಲೆ ಹಂದರದಂಗ ನಿಲ್ತೈತಿ." ಗೌರವ್ವ ಕೌದಿಯನ್ನು ಎತ್ತಿ ಜಾಡಿಸಿ ಬಿಟ್ಟರು. ಅದು ಹೊಲಿಗೆಯ ಸಾಲುಗಳ ಗುಂಟ ತಾನಾಗಿ ಮಡಿಕೆ ಬಿದ್ದು ನೆಲಕ್ಕೆ ಕೂತಿತು. "ಹೊಲಿಗಿ ಎಲ್ಲಿ ಹಾಕೀನೋ ಅಲ್ಲೇ ಮಡಚ್ತೈತಿ. ಕೌದಿಗೆ ಎಲ್ಲಿ ಬಗ್ಗಬೇಕಂತ ಹೇಳೂದ ಹೊಲಿಗಿ. ಐವತ್ತು ವರ್ಷ ಹೊದ್ದಕೊಂಡು ಮಲಗೀರಿ, ಈಗ ಕೇಳ್ತೀರಿ?"

ಮೌನೇಶಪ್ಪ ಕೌದಿಯನ್ನು ಮತ್ತೊಮ್ಮೆ ಎತ್ತಿ ಬಿಟ್ಟರು. ಮತ್ತೆ ಎತ್ತಿ ಬಿಟ್ಟರು. ಐದನೆಯ ಸಲಕ್ಕೆ ಗೌರವ್ವ ಕೌದಿಯನ್ನು ಕಸಿದುಕೊಂಡರು. ಆಗ ಅವರು ಎದ್ದು ಶೆಡ್ಡಿಗೆ ಹೋದರು.

ಈ ಸಲದ ಕೆಲಸ ಬೇರೆಯಾಗಿತ್ತು. ಕಂಠವಿಲ್ಲ, ತಂತಿಯಿಲ್ಲ. ಬಾಗಿಲಿನ ಮೈ ಆಕಾರಕ್ಕೆ ಬಂದ ಮೇಲೆ ಸಣ್ಣ ಗುಂಡುತಲೆಯ ಸುತ್ತಿಗೆ ಹಿಡಿದು, ಕೌದಿಯ ಹೊಲಿಗೆಯಂತೆಯೇ, ಸಾಲು ಸಾಲಾಗಿ ಕುಳಿ ಬಡಿಯಬೇಕಿತ್ತು. ಪೆಟ್ಟು ಬಂದಾಗ ಎಲ್ಲಿ ಬಗ್ಗಬೇಕೆಂದು ತಗಡಿಗೆ ಮೊದಲೇ ಹೇಳಿಡುವ ಕುಳಿಗಳು. ಮೊದಲ ಕುಳಿಗೆ ಸುತ್ತಿಗೆ ಎತ್ತಿದವರು ಅದನ್ನು ಎಷ್ಟೋ ಹೊತ್ತು ಗಾಳಿಯಲ್ಲೇ ಹಿಡಿದು ನಿಂತರು. ಬಲಗುಂದಿಸುವುದಕ್ಕೆಂದು ಈ ಕೈ ಎಂದೂ ಪೆಟ್ಟು ಹಾಕಿರಲಿಲ್ಲ. ಆಮೇಲೆ ಹಾಕಿತು. ಒಂದೊಂದು ಸಾಲಿಗೂ ಗೆಣ್ಣಿನಿಂದ ತಟ್ಟಿ ಕೇಳಿದರು. ದನಿ ತುಸುತುಸುವೇ ಇಳಿಯುತ್ತ, ಬಿಗುಮಾನ ಬಿಟ್ಟ ಮನುಷ್ಯನ ದನಿಯಾಗುತ್ತ ಬಂತು. ಒಂದು ಬಾಗಿಲು ಮುಗಿದ ಮೇಲೆ ಎರಡನೆಯದನ್ನು ಅದರ ಪಕ್ಕ ನಿಲ್ಲಿಸಿ, ಇದನ್ನು ತಟ್ಟಿ, ಅದನ್ನು ತಟ್ಟಿ, ದನಿಗೆ ದನಿ ಕೂಡುವವರೆಗೆ ಬಡಿದರು. ಬೆಳಗಿನಿಂದ ಸಂಜೆಯವರೆಗೆ ಅದೇ ನಡೆಯಿತು. ದಿನವೂ ತಪ್ಪದೆ ಬಂದು ನೋಡುತ್ತಿದ್ದ ನೀಲಾಂಬಿಕಾ ಒಮ್ಮೆ ಗೌರವ್ವನನ್ನು ಕೇಳಿದಳು:

"ಕಾಕು, ಇವರು ಬಾಗಿಲು ಮಾಡಾಕತ್ತಾರೋ, ತಬಲಾ ಶ್ರುತಿ ಮಾಡಾಕತ್ತಾರೋ?"

"ನನಗೂ ಅದ ಸಂಶೆ. ಹೆಣ್ಣು ನೋಡಾಕ ಬಂದಾಗೂ ನಮ್ಮ ಮನಿ ತಾಮ್ರದ ಹಂಡೆ ತಟ್ಟಿ ನೋಡಿದ್ರು. ನನ್ನ ಮುಖ ಆಮ್ಯಾಲೆ ನೋಡಿದ್ರು."

ಜೂನ್ ಹನ್ನೆರಡರ ಬೆಳಿಗ್ಗೆ ಎರಡನೆಯ ಪರೀಕ್ಷೆ. ಕೊನೆಯ ಅವಕಾಶ. ಗೌರವ್ವನೂ ಬಂದಿದ್ದರು, ಮಡಿಲಲ್ಲಿ ಬುತ್ತಿ. ಬಾಗಿಲನ್ನು ಚೌಕಟ್ಟಿಗೆ ಜೋಡಿಸಿ, ಅದರ ಮೈತುಂಬ ಪುಟ್ಟ ಸೆನ್ಸರ್‌ಗಳನ್ನು ಅಂಟಿಸಿದ್ದರು. ಜೋಡಿಯ ಇನ್ನೊಂದು ಬಾಗಿಲು ಗೋಡೆಗೆ ಒರಗಿ ತನ್ನ ಸರದಿಗೆ ಕಾದಿತ್ತು. ಬಂಡಿ ಹೊರಡುವ ಮೊದಲು ಮೌನೇಶಪ್ಪ ಮೆಲ್ಲಗೆ ಒಳಗೆ ಹೋಗಿ ಬಾಗಿಲನ್ನು ತಟ್ಟತೊಡಗಿದರು. ಕೊಡದ ಅಂಗಗಳ ಲೆಕ್ಕದಲ್ಲೇ, ಮೊದಲು ಬಾಯಿ, ಆಮೇಲೆ ಹೆಗಲು, ಹೊಟ್ಟೆ, ತಳ, ಬಲಗಡೆಯಿಂದ ಎಡಗಡೆಗೆ, ಒಟ್ಟು ಅರವತ್ತನಾಲ್ಕು ಸಲ. ಮನೆಯಿಂದ ಹೊರಡುವ ಪ್ರತಿಯೊಂದು ಪಾತ್ರೆಯನ್ನೂ ಅಜ್ಜ ಹಾಗೆಯೇ ತಟ್ಟಿ ಬೀಳ್ಕೊಡುತ್ತಿದ್ದರು.

"ಅಜ್ಜಾರ! ಕೈ ಹಚ್ಚಬ್ಯಾಡ್ರಿ! ಸೆನ್ಸರ್ ಚಾಲೂ ಅದಾವು!" ಎಂದು ಡಾ. ನದಾಫ ಧ್ವನಿವರ್ಧಕದಲ್ಲಿ ಕೂಗಿದರು.

"ಇನ್ನ ಮೂರು ಉಳದಾವ್ರಿ, ಬಾಯಾರ," ಎಂದು ಮೌನೇಶಪ್ಪ ಮೂರನ್ನೂ ಮುಗಿಸಿಯೇ ಹೊರಬಂದರು.

ಬಂಡಿ ಬಂತು. ಈ ಸಲ ಕಟ್ಟಡ ಕೆಮ್ಮಲಿಲ್ಲ. ದೀರ್ಘವಾಗಿ ನಿಟ್ಟುಸಿರು ಬಿಟ್ಟಿತು. ಬಾಗಿಲು ಮೊದಲ ಸಾಲಿನಲ್ಲಿ ಮಡಚಿತು, ಎರಡನೆಯ ಸಾಲಿನಲ್ಲಿ ಮಡಚಿತು, ಮೂರನೆಯದರಲ್ಲಿ ಮಡಚಿತು. ಹದಿನೈದು ದಿನಗಳ ಅವರ ದುಡಿಮೆ ಕಣ್ಣೆದುರಿಗೇ ಕೌದಿಯಂತೆ ಮುದುಡಿ, ಬಂಡಿಯನ್ನು ತನ್ನ ತೆಕ್ಕೆಯಲ್ಲಿ ನಿಲ್ಲಿಸಿಕೊಂಡಿತು. ಒಳಗಿನ ಬೊಂಬೆ, ಯಾರೋ ಮಾತಾಡಿಸಿದರೆಂಬಂತೆ ತಲೆಯನ್ನು ಒಮ್ಮೆ ಆಡಿಸಿ ಸುಮ್ಮನಾಯಿತು. ಪರದೆಯ ಮೇಲೆ ಅದರ ಎದೆ ಎಳೆಯ ಹಸಿರು.

ಸಿಬ್ಬಂದಿಯೊಬ್ಬ ಬಾಗಿಲಿನ ಹಿಡಿಕೆ ಜಗ್ಗಿದ. ಮುದುಡಿದ ಬಾಗಿಲು ಕಿರ್ರೆಂದು ಗೊಣಗುತ್ತ ಕೆಳಕ್ಕೆ ಬಿಚ್ಚಿಕೊಂಡು, ಸೊಟ್ಟಗಾಗಿಯಾದರೂ, ನೆಲ ಮುಟ್ಟಿತು.

ನೀಲಾಂಬಿಕಾ ಕೂಗಿದ ಕೂಗಿಗೆ ಸೆನ್ಸರ್‌ಗಳೂ ಬೆಚ್ಚಿರಬೇಕು. ಅವಳ ದನಿ ನಿಜಕ್ಕೂ ಕೆಟ್ಟದಾಗಿತ್ತು. ಗೌರವ್ವ ಬುತ್ತಿ ಬಿಚ್ಚಿ ಸಿಕ್ಕಸಿಕ್ಕವರ ಬಾಯಿಗೆ ಶೇಂಗಾ ಹೋಳಿಗೆ ಇಟ್ಟರು. ಮೌನೇಶಪ್ಪ ಮಾತ್ರ ಗಾಜಿಗೆ ಹಣೆಯಿಟ್ಟು, ತಾವು ಮಾಡಿದ್ದು ಹಾಳಾದದ್ದಕ್ಕೆ ಮೊದಲ ಬಾರಿ ಸಂತೋಷಪಡುತ್ತ ನಿಂತರು.

ಹೋಳಿಗೆ ಕೈಯಲ್ಲಿ ಹಿಡಿದೇ ಡಾ. ನದಾಫ ಕುರ್ಚಿಯಲ್ಲಿ ಕುಸಿದರು. ಅವರ ಮುಖದಲ್ಲಿ ನಗು ಅರ್ಧಕ್ಕೆ ನಿಂತಿತ್ತು.

"ಒಂದು ತೊಡಕೈತಿ," ಎಂದರು. "ಮೊದಲ ಹೇಳಿದ್ರ ನಿಮ್ಮ ಕೈ ನಡುಗೀತು ಅಂತ ಹೇಳಿರಲಿಲ್ಲ. ಕಾಯ್ದೆ ಪ್ರಕಾರ ಪಾಸಾದದ್ದು ಈ ಬಾಗಿಲು."

ಎಲ್ಲರೂ ಮುದುಡಿದ ಬಾಗಿಲನ್ನು ನೋಡಿದರು.

"ಅಂದ್ರ... ನಾ ಇದನ್ನ ಹಾಕ್ಕೊಂಡು ಅಡ್ಡಾಡಬೇಕೇನ್ರಿ?" ಎಂದಳು ನೀಲಾಂಬಿಕಾ.

"ಕಂಪನಿ ಬಾಗಿಲುಗಳು ಒಂದ ಅಚ್ಚಿನ್ಯಾಗ ಹುಟ್ತಾವು. ಒಂದನ್ನ ಒಡದು ನೋಡಿದ್ರ ಉಳಿದವೂ ಹಂಗ ಅಂತ ಒಪ್ಪಬಹುದು. ಇವು ಕೈಯಿಂದ ಬಡದವು. ಎರಡನೇದು ಮೊದಲಿನದರಂಗ ಐತಿ ಅಂತ, ಪರೀಕ್ಷಾಧಿಕಾರಿ ಒಪ್ಪುವಂಥ ಪುರಾವೆ ಬೇಕು. ಅಧಿಕಾರಿ ನಾನ. ಒಪ್ಪಾಕ ನನಗ ಮನಸ್ಸೈತಿ, ಪುರಾವೆ ಇಲ್ಲ." ಅವರು ಪರೀಕ್ಷೆಗೆ ಮೊದಲೇ ಎರಡೂ ಬಾಗಿಲುಗಳ ದಪ್ಪ ಅಳೆಸಿದ್ದರು. ಸುತ್ತಿಗೆಯ ಪೆಟ್ಟು ಒಂದೆಡೆ ಕೂದಲಷ್ಟು ಹೆಚ್ಚು, ಒಂದೆಡೆ ಕೂದಲಷ್ಟು ಕಡಿಮೆ. ಅಳತೆ ಹೊಂದಿರಲಿಲ್ಲ.

ಜೂನ್ ಹದಿನೈದಕ್ಕೆ ಮೂರೇ ದಿನವಿತ್ತು. ನೀಲಾಂಬಿಕಾ ಸುಮ್ಮನಿರುವುದನ್ನು ಮೌನೇಶಪ್ಪ ಅದೇ ಮೊದಲು ಕೇಳಿದ್ದು. ಅದನ್ನು ಅವರಿಂದ ಸಹಿಸಲಾಗಲಿಲ್ಲ.

"ಅಳತಿ ಬ್ಯಾರೆ ಇರಬಹುದ್ರಿ," ಎಂದರು. "ದನಿ ಒಂದ ಐತಿ. ದನಿ ಕೂಡಿದ್ರ ಬಗ್ಗೂದೂ ಕೂಡ್ತೈತಿ. ಇಲ್ಲದಿದ್ರ ನಾ ಜೋಡಿ ಅಂತ ಒಪ್ಪೂದ ಇಲ್ಲ."

"ನಿಮ್ಮ ಕಿವಿ ನನಗ ನಂಬಿಕಿ, ಅಜ್ಜಾರ. ಆದ್ರ ಕಿವೀನ ಕಾಗದಕ್ಕ ಹ್ಯಾಂಗ ಹಚ್ಚಲಿ? ಇದರ ದನಿ ಕೇಳೂನು ಅಂದ್ರ ಇದು ಮುದುಡಿ ಹೋಗೇತಿ. ಇನ್ನ ಇದನ್ನ ತಟ್ಟಿ ಏನ್..." ಡಾ. ನದಾಫರ ಮಾತು ನಿಂತಿತು. ಕೈಯಲ್ಲಿದ್ದ ಹೋಳಿಗೆಯನ್ನು ಮೇಜಿನ ಮೇಲಿಟ್ಟರು. "ತಟ್ಟಿದ್ರಲ್ಲ! ಬೆಳಿಗ್ಗೆ! ಅರವತ್ತನಾಕು ಸಲ! ನಾ ಬ್ಯಾಡ ಅಂತ ಒದರಿದ್ರೂ ತಟ್ಟಿದ್ರಲ್ಲ, ಸೆನ್ಸರ್ ಚಾಲೂ ಇದ್ದಾಗ!"

ಪರದೆಯ ಮೇಲೆ ಬೆಳಗಿನ ದಾಖಲೆ ಬಂತು. ಅರವತ್ತನಾಲ್ಕು ತಟ್ಟುಗಳು, ಅರವತ್ತನಾಲ್ಕು ಅಲೆಗಳು, ನೀರಿಗೆ ಬಿದ್ದ ಹನಿಗಳ ಉಂಗುರದಂತೆ. ನಡುವೆ ಧ್ವನಿವರ್ಧಕದ ಕೂಗೂ ಒಂದು ದೊಡ್ಡ ಗಡ್ಡೆಯಾಗಿ ಅಚ್ಚಾಗಿತ್ತು.

"ಇನ್ನೊಂದು ಬಾಗಿಲನ್ನ ಅದ ಜಾಗಾದಾಗ, ಅದ ಕ್ರಮದಾಗ ತಟ್ಟಾಕ ಆಗ್ತೈತೇನ್ರಿ? ಗುರುತು ಹಾಕಿರಲಿಲ್ಲಲ್ಲ."

"ಬಾಯಿ, ಹೆಗಲು, ಹೊಟ್ಟಿ, ತಳ," ಎಂದರು ಮೌನೇಶಪ್ಪ, ಅವಮಾನವಾದವರಂತೆ. "ಅರವತ್ತು ವರ್ಷದಾಗ ಕ್ರಮ ತಪ್ಪಿಲ್ಲ, ಬಾಯಾರ."

ಎರಡನೆಯ ಬಾಗಿಲನ್ನು ಚೌಕಟ್ಟಿಗೆ ಕೂಡಿಸಿ ಸೆನ್ಸರ್‌ಗಳನ್ನು ಅಂಟಿಸಿದರು. ಮೌನೇಶಪ್ಪ ಕಣ್ಣು ಮುಚ್ಚಿಕೊಂಡು ತಟ್ಟತೊಡಗಿದರು. ಕಣ್ಣು ತೆರೆದಿದ್ದರೂ ಅವರಿಗೆ ಅದೇನೂ ವ್ಯತ್ಯಾಸ ಮಾಡುತ್ತಿರಲಿಲ್ಲ. ಮೊದಲ ಅಲೆ ಪರದೆಯಲ್ಲಿ ಎದ್ದು ಬೆಳಗಿನ ಮೊದಲ ಅಲೆಯ ಮೇಲೆ ಹೋಗಿ ಕೂತಿತು, ಅದರ ನೆರಳಿನಂತೆ. ಎರಡನೆಯದು ಎರಡನೆಯದರ ಮೇಲೆ. ನೀಲಾಂಬಿಕಾ ಎಣಿಸುತ್ತಿದ್ದಳು, ಮೊದಲು ಮನಸ್ಸಿನಲ್ಲಿ, ನಲವತ್ತರ ನಂತರ ಬಾಯಿಬಿಟ್ಟು. ಐವತ್ತೊಂದರಲ್ಲಿ ಅಲೆ ತುಸು ವಾಲಿತು. ಮೌನೇಶಪ್ಪ ಬೆರಳು ನಿಲ್ಲಿಸಿ, "ಇಲ್ಲಿ ಸೆನ್ಸರ್ ಸಡಿಲ ಐತಿ," ಎಂದರು. ಸಿಬ್ಬಂದಿ ಮುಟ್ಟಿ ನೋಡಿದರೆ ನಿಜವಾಗಿಯೂ ಸಡಿಲವಾಗಿತ್ತು; ಒತ್ತಿ ಕೂಡಿಸಿದ ಮೇಲೆ ಆ ಅಲೆಯೂ ಹೊಂದಿತು. ಅರವತ್ತನಾಲ್ಕನೆಯ ಅಲೆ ಕೂತಾಗ ಡಾ. ನದಾಫ ಹೋಳಿಗೆಯನ್ನು ಮತ್ತೆ ಕೈಗೆತ್ತಿಕೊಂಡರು.

"ಯಂತ್ರ ಹೊಂದಿಲ್ಲ ಅಂತು. ದನಿ ಹೊಂದೇತಿ ಅಂತು," ಎಂದರು. "ದಪ್ಪ ಎಷ್ಟಿದ್ರ ಏನು, ಹ್ಯಾಂಗ ನಡಗ್ತೈತಿ ಅನ್ನೂದ ಮುಖ್ಯ. ಹ್ಯಾಂಗ ನಡಗ್ತೈತೋ ಹಂಗ ಬಗ್ಗತೈತಿ." ಅವರು ನಮೂನೆಯ ಹಾಳೆಯಲ್ಲಿ ಪುರಾವೆಯ ವಿಧಾನ ಎಂಬಲ್ಲಿ ಬರೆಯತೊಡಗಿ, ಪೆನ್ನು ಎತ್ತಿದರು. "ಈ ಪರೀಕ್ಷಾಕ್ಕ ಹೆಸರು ಬೇಕಲ್ಲ, ಅಜ್ಜಾರ. ಏನಂತ ಬರೀಲಿ?"

"ಜೋಡಿಕೊಡದ ತಟ್ಟು ಅಂತ ಬರೀರಿ," ಎಂದರು ಗೌರವ್ವ, ಯಾರೂ ಕೇಳದಿದ್ದರೂ.

ಹಾಗೆಯೇ ಬರೆದರು. ಆ ಹೆಸರೇ ಮುಂದೆ ನಿಯಮಾವಳಿಗೂ ಹೋಯಿತು. ಗದಗ, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಸುತ್ತಿಗೆ ಮೂಲೆಗೆಸೆದು ಕೂತಿದ್ದ ಎಷ್ಟೋ ಮುದಿ ಕಿವಿಗಳಿಗೆ ಪರೀಕ್ಷಾಲಯದಿಂದ ಕರೆ ಬಂತು. ಕಂಪನಿಯ ಅಚ್ಚಿಗೆ ಒಗ್ಗದ ಮೈಗಳಿಗೆ ಒಗ್ಗುವ ಬಾಗಿಲುಗಳು ಊರೂರಿನ ಮರದ ನೆರಳುಗಳಲ್ಲಿ ಎದ್ದು ನಿಂತವು. ಆದರೆ ಅದೆಲ್ಲ ಆಮೇಲಿನ ಮಾತು.

ಜೂನ್ ಹದಿನೈದರ ಬೆಳಿಗ್ಗೆ ಎಂಟಕ್ಕೆ, ಮೊದಲ ಶಾಲೆಗೆ ಹೊರಟ ನೀಲಾಂಬಿಕಾ ಕಾರನ್ನು ಬೇವಿನ ಕೆಳಗೆ ನಿಲ್ಲಿಸಿದಳು. ಬಾಗಿಲು ಕೆಳಕ್ಕೆ ಬಿಚ್ಚಿಕೊಂಡು ನೆಲ ಮುಟ್ಟಿತು. ಅವಳು ಜಾರುಬಂಡೆಯಿಂದ ಇಳಿವ ಮಗುವಿನಂತೆ ಸರ್ರನೆ ಇಳಿದು ಬಂದಳು. ಬಾಗಿಲಿನ ಮೂಲೆಯಲ್ಲಿ, ಅದನ್ನು ಕಾರು ತನ್ನದೆಂದು ಒಪ್ಪುವಂತೆ ಪರೀಕ್ಷಾಲಯ ಹಚ್ಚಿದ ಹೊಸ ಅಂಕಿತದ ಬಿಲ್ಲೆ ಹೊಳೆಯುತ್ತಿತ್ತು.

"ಬಾಗಿಲಾತು, ಕಾಕಾ. ಈಗ ಕಣ್ಣು. ಮಾತು ಮಾತ."

ತಪ್ಪಿಸಿಕೊಳ್ಳುವ ದಾರಿ ಹುಡುಕಿ ಮೌನೇಶಪ್ಪ ಹೆಂಡತಿಯ ಕಡೆ ನೋಡಿದರು. ಗೌರವ್ವ ಆಗಲೇ ಅಕ್ಷರಗಳ ಪಟ್ಟಿಯನ್ನು ತೊಂಡೆಬಳ್ಳಿಯ ಗಾರ್ಡಿಗೆ ಕಟ್ಟುತ್ತಿದ್ದರು. ಮೊದಲ ಸಾಲಿನ ದಪ್ಪ ಅಕ್ಷರವನ್ನು ಮೌನೇಶಪ್ಪ ತೊಂಡೆಕಾಯಿ ಎಂದು ಓದಿದಾಗ ನೀಲಾಂಬಿಕಾ ಮುಂದೆ ಕೇಳುವ ಗೋಜಿಗೆ ಹೋಗಲಿಲ್ಲ. ಪರೀಕ್ಷೆಯ ದುಂಡು ಚೌಕಟ್ಟನ್ನು ಅವರ ಮೂಗಿನ ಮೇಲೆ ಕೂರಿಸಿ, ಒಂದಾದ ಮೇಲೊಂದು ಮಸೂರ ಇಳಿಸಿದಳು. "ಇದೋ, ಇದೋ? ಮೊದಲಿನದೋ, ಈಗಿನದೋ?" ಏಳನೆಯ ಮಸೂರಕ್ಕೆ ಮೌನೇಶಪ್ಪ ಉತ್ತರ ಕೊಡುವುದನ್ನೇ ನಿಲ್ಲಿಸಿದರು.

ಅವರು ಪಟ್ಟಿಯನ್ನು ನೋಡುತ್ತಿರಲಿಲ್ಲ. ಬೇವಿನ ಒಂದೊಂದು ಎಲೆಯ ಗರಗಸದಂಥ ಅಂಚನ್ನು ನೋಡಿದರು. ಗೌರವ್ವನ ಗಲ್ಲದ ಹಚ್ಚೆಯ ಮೂರು ಚುಕ್ಕೆಗಳನ್ನು ನೋಡಿದರು. ಅವರ ಮಂಜುಗಣ್ಣಿಗೆ ಅವು ಎರಡಾಗಿ ಕಾಣತೊಡಗಿ ಎಷ್ಟೋ ವರ್ಷವಾಗಿತ್ತು. ಬಳಿಕ ನಿಧಾನವಾಗಿ ಕಾರಿನ ಹತ್ತಿರ ಹೋಗಿ, ಬಾಗಿಲನ್ನು ಮೇಲೆತ್ತಿಸಿ, ಬಗ್ಗಿದರು. ತಮ್ಮ ಬಾಗಿಲನ್ನು ಅವರು ಕಣ್ಣಿನಿಂದ ಕಂಡದ್ದು ಅದೇ ಮೊದಲು. ಸಾವಿರಾರು ಕುಳಿಗಳು, ಪ್ರತಿಯೊಂದರಲ್ಲೂ ಬೆಳಗಿನ ಬಿಸಿಲಿನ ಒಂದೊಂದು ಹನಿ. ಸಾಲುಗಳು ನೆಟ್ಟಗಿರಲಿಲ್ಲ. ಒಂದೆಡೆ ಏರಿ, ಒಂದೆಡೆ ಇಳಿದು, ಗಾಳಿಗೆ ತೂಗುವ ಜೋಳದ ಸಾಲಿನಂತೆ ವಾಲಾಡಿಕೊಂಡು ಹೋಗಿದ್ದವು.

"ಅಯ್ಯಯ್ಯೋ!" ಎಂದರು. "ಇಷ್ಟು ಸೊಟ್ಟ ಹೊಡದೀನೇನು? ಯಾರೂ ಹೇಳಲೇ ಇಲ್ಲಲ್ಲ!"

"ನನ್ನ ಹೊಲಿಗಿನೂ ಹಿಂಗ ಇರ್ತಾವು," ಎಂದರು ಗೌರವ್ವ. "ನಿಮಗ ಕಂಡಿರಲಿಲ್ಲ, ಅಷ್ಟ."

ಮೌನೇಶಪ್ಪನ ಕೈ ಸೊಂಟದ ಸುತ್ತಿಗೆಗೆ ಹೋಯಿತು. "ತಂಗಿ, ಈ ಮೂಲ್ಯಾಗಿಂದು ಒಂದ ಒಂದು ಸರಿ ಮಾಡ್ತೀನಿ. ಎರಡ ಪೆಟ್ಟು."

"ಕಾಕಾ!" ನೀಲಾಂಬಿಕಾ ಕುರ್ಚಿಯನ್ನು ರಪ್ಪನೆ ತಿರುಗಿಸಿ ಅವರಿಗೂ ಬಾಗಿಲಿಗೂ ನಡುವೆ ತಂದು ನಿಲ್ಲಿಸಿದಳು. "ಅದು ಅಂಕಿತ ಆದ ಕವಚ. ಒಂದು ಪೆಟ್ಟು ಹಾಕಿದ್ರೂ ಕಾಯ್ದೆ ಪ್ರಕಾರ ನಿಮ್ಮನ್ನ ಒಳಗ ಹಾಕಸ್ತೀನಿ. ಸಾಕ್ಷಿಗೆ ಕಾಕು ಅದಾರ."

"ನಾ ಬರ್ತೀನಿ ಸಾಕ್ಷಿಗೆ," ಎಂದರು ಗೌರವ್ವ ಕೂಡಲೇ.

ಮೌನೇಶಪ್ಪ ಹೆಂಡತಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು, ದೊಡ್ಡ ದುಂಡು ಚೌಕಟ್ಟು ಮೂಗಿನಿಂದ ಜಾರುವಷ್ಟು ನಕ್ಕರು. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದರು. ಪೆಟ್ಟಿಗೆಯಲ್ಲಿ ಇನ್ನೊಂದಿದೆಯೆಂದು ಚೌಕಟ್ಟನ್ನು ಅವರ ಮೂಗಿನ ಮೇಲೆಯೇ ಬಿಟ್ಟು ಅವಳು ಇಳಿಜಾರು ಹತ್ತಿ ಒಳಗೆ ಹೋಗಿ, ಬಾಗಿಲು ಎದ್ದು ಮುಚ್ಚಿಕೊಂಡ ಮೇಲೆ, ನಡುಬೆರಳನ್ನು ಮಡಚಿ ಬಾಗಿಲಿನ ಬಾಯಿಯ ಹತ್ತಿರ ಒಮ್ಮೆ ತಟ್ಟಿದರು. ಒಳಗಿನಿಂದ ನೀಲಾಂಬಿಕಾ ಅದೇ ಜಾಗದಲ್ಲಿ ತನ್ನ ಗೆಣ್ಣಿನಿಂದ ಮರಳಿ ತಟ್ಟಿದಳು. ಕಾರು ಬೇವಿನ ನೆರಳು ದಾಟಿ ಲಕ್ಕುಂಡಿಯ ರಸ್ತೆ ಹಿಡಿಯಿತು. ಓಣಿಯ ತಿರುವಿನವರೆಗೂ ಅದು ಅವರಿಗೆ ಕಂಡಿತು. ತಿರುವಿನ ಆಚೆಗೂ ಎಷ್ಟೋ ಹೊತ್ತು ಕೇಳಿಸಿತು.